ಖಾಕಿ ಬಿಚ್ಚಿದ ಮೇಲೆ

(ತಾಲ್ಲೂಕಿನ ಕಾರ್ಯಕರ್ತರ ಸಭೆಯಲ್ಲಿ ಆಡಿದ ಮಾತು. ಆಡಿದ ಹಾಗೇ ಬರೆದುಕೊಟ್ಟಿದ್ದೇನೆ.)



ನನ್ನನ್ನು ಇಲ್ಲಿಗೆ ಕರೆದದ್ದು ಪದ್ಯ ಓದಲಿಕ್ಕೆ. ಪದ್ಯ ತಂದಿಲ್ಲ, ಲೆಕ್ಕ ತಂದಿದ್ದೇನೆ. ಬಿ.ಎ. ಓದಿದವನಿಗೆ ಎಂಥ ಲೆಕ್ಕ ಅಂತ ನಗಬೇಡಿ. ವಾರದ ಕೂಲಿಯನ್ನು ಏಳು ದಿನಕ್ಕೆ ಹಂಚೋದನ್ನು ಅವ್ವನ ಪಕ್ಕ ಕೂತು ಕಲಿತವರಿಗೆ ಈ ಲೆಕ್ಕ ಕಷ್ಟವೇನಲ್ಲ.

ಸಭೆಯ ಮುಂದಿರುವ ಪ್ರಶ್ನೆ ನಿಮಗೆ ಗೊತ್ತು. ಹಳೆಯ ಪಿಂಚಣಿ ವಾಪಸು ಕೊಡಿ ಅಂತ ಸರ್ಕಾರಿ ನೌಕರರು ಕೇಳುತ್ತಿದ್ದಾರೆ. ಅವರ ಜೊತೆ ನಾವು ನಿಲ್ಲಬೇಕೋ ಬೇಡವೋ. "ಅದು ಸಂಬಳದೋರ ಜಗಳ, ಕೂಲಿಯವನಿಗೆ ಯಾವ ಪಿಂಚಣಿ ಇದೆ?" ಅಂತ ಹಿಂದಿನ ಸಲ ಒಬ್ಬ ಹಿರಿಯರು ಕೇಳಿದರು. ಆ ಮಾತನ್ನು ತಳ್ಳಿಹಾಕೋ ಹಾಗಿಲ್ಲ. ಅದಕ್ಕೆ ಆಮೇಲೆ ಬರ್ತೀನಿ. ಮೊದಲು ಯೂನಿಫಾರಂ ತೊಟ್ಟವರ ವಿಷಯ ಮಾತ್ರ ಹೇಳ್ತೀನಿ. ಸಿಪಾಯಿ, ಪೋಲೀಸು, ಗೃಹರಕ್ಷಕ, ಪೌರಕಾರ್ಮಿಕ. ಇವರನ್ನೇ ಆರಿಸಿಕೊಂಡದ್ದಕ್ಕೆ ಕಾರಣ ಇದೆ. ಮೇಷ್ಟ್ರು, ಗುಮಾಸ್ತರು ಬೀದಿಗೆ ಬಂದು ಕೂಗಬಹುದು. 2023ರ ಮಾರ್ಚ್ 1ರಂದು ರಾಜ್ಯದ ನೌಕರರು ಕೆಲಸ ನಿಲ್ಲಿಸಿದರು, ಅದೇ ದಿನ ಸರ್ಕಾರ ಶೇಕಡಾ 17ರಷ್ಟು ಮಧ್ಯಂತರ ಪರಿಹಾರ ಕೊಟ್ಟಿತು, ಪಿಂಚಣಿ ವಿಷಯಕ್ಕೆ ಸಮಿತಿ ಅಂದಿತು. ಆ ದಿನ ಪೋಲೀಸರು ಎಲ್ಲಿದ್ದರು? ಬಂದೋಬಸ್ತಿನಲ್ಲಿದ್ದರು. 1966ರ ಕಾಯಿದೆ ಪೋಲೀಸರ ಸಂಘ ಕಟ್ಟುವ ಹಕ್ಕಿಗೆ ಬೇಲಿ ಹಾಕಿದೆ. 2016ರ ಜೂನಿನಲ್ಲಿ ನಮ್ಮ ರಾಜ್ಯದ ಪೋಲೀಸರು ಒಟ್ಟಿಗೆ ರಜೆ ಹಾಕುತ್ತೇವೆ ಅಂದಾಗ ಏನಾಯಿತು ಅನ್ನೋದು ಇಲ್ಲಿರುವ ಹಿರಿಯರಿಗೆ ನೆನಪಿರಬೇಕು. ಬಾಯಿ ಇಲ್ಲದವರ ಪರವಾಗಿ ಮಾತಾಡಿ ನಮಗೆ ಅಭ್ಯಾಸ ಇದೆ. ಲಾಠಿ ಹಿಡಿದವನಿಗೂ ಬಾಯಿ ಇಲ್ಲ ಅನ್ನೋದು ಮಾತ್ರ ನಮಗೆ ಹೊಸದು.

ಇನ್ನೊಂದು ಕಾರಣ ಹಳೆಯದು. ಸರ್ಕಾರದ ಬಾಗಿಲನ್ನು ನಮ್ಮ ಜನ ಮೊದಲು ದಾಟಿದ್ದೇ ಯೂನಿಫಾರಮ್ಮಿನಲ್ಲಿ. ಬಾಬಾಸಾಹೇಬರ ತಂದೆ ರಾಮ್‌ಜಿ ಸಕ್ಪಾಲ್ ಸುಬೇದಾರರು, ಮಿಲಿಟರಿ ಶಾಲೆಯಲ್ಲಿ ಪಾಠ ಹೇಳಿದವರು. 1891ರಲ್ಲಿ ಮಗ ಹುಟ್ಟಿದ್ದು ಮಹೂ ದಂಡಿನಲ್ಲಿ. ಕೆಲವೇ ವರ್ಷಕ್ಕೆ ತಂದೆ ನಿವೃತ್ತಿಯಾಗಿ ದಾಪೋಲಿಗೆ ಬಂದರು. ಕೊಂಕಣದ ಆ ಊರಲ್ಲಿ ನಮ್ಮವರೇ ಆದ ಪಿಂಚಣಿದಾರರ ಕುಟುಂಬಗಳು ಬೇಕಾದಷ್ಟಿದ್ದವು. ಆಮೇಲೆ ಮುಂಬಯಿಯಲ್ಲಿ ಹುಡುಗ ಹೊಸ ಪುಸ್ತಕ ಬೇಕು ಅಂದಾಗ, ರಾಮ್‌ಜಿ ಮದುವೆಯಾದ ಹೆಣ್ಣುಮಕ್ಕಳ ಹತ್ತಿರ ಹೋಗಿ ಒಡವೆ ಇಸಕೊಂಡು ಬಂದು ಗಿರವಿ ಇಟ್ಟು ಪುಸ್ತಕ ತರುತ್ತಿದ್ದರು. ಪಿಂಚಣಿ ಬಂದಾಗ ಒಡವೆ ಬಿಡಿಸಿ ವಾಪಸು ಕೊಡುತ್ತಿದ್ದರು. ಮುಂದೆ ಸಂವಿಧಾನ ಬರೆದ ಕೈಗೆ ಬಂದ ಪುಸ್ತಕ ಅದು. ಆ ಸಾಲಕ್ಕೆ ಜಾಮೀನು ನಿಂತದ್ದು ಒಂದು ಮಿಲಿಟರಿ ಪಿಂಚಣಿ. ಹೊಲ ಅಲ್ಲ, ಮನೆ ಅಲ್ಲ.

ಗೋಪಾಲಬಾಬಾ ವಲಂಗಕರ್ ಕೂಡ ಹಾಗೇ. ಸೈನ್ಯದಿಂದ ಪಿಂಚಣಿ ಪಡೆದು ಊರಿಗೆ ಬಂದ ಮೇಲೆ ಅಸ್ಪೃಶ್ಯತೆಯ ವಿರುದ್ಧ ಲೇಖನಿ ಹಿಡಿದವರು. 1890ರ ದಶಕದ ಶುರುವಿನಲ್ಲಿ, ಇವರು ಯುದ್ಧಕ್ಕೆ ಹುಟ್ಟಿದ ಜಾತಿಯಲ್ಲ ಅಂತ ಬ್ರಿಟಿಷರು ಮಹಾರರನ್ನು ಸೈನ್ಯಕ್ಕೆ ಸೇರಿಸಿಕೊಳ್ಳೋದು ನಿಲ್ಲಿಸಿದಾಗ, ಮನವಿ ಬರೆದವರು ಇವರು. ಗೌಡನ ಕೂಳು ತಿನ್ನೋನು ಗೌಡನ ವಿರುದ್ಧ ಬರೆಯೋದು ಹೇಗೆ? ಇವರಿಗೆ ತಿಂಗಳು ತಿಂಗಳು ದುಡ್ಡು ಬರುತ್ತಿದ್ದದ್ದು ಊರ ಹೊರಗಿನಿಂದ. ಅದಕ್ಕೇ ಬರೆಯಲಿಕ್ಕಾಯಿತು. ನಿಂತ ಸೇರ್ಪಡೆ ಮತ್ತೆ ಗಟ್ಟಿಯಾಗಿ ಶುರುವಾಗಲಿಕ್ಕೆ ಅರ್ಧ ಶತಮಾನ ಬೇಕಾಯಿತು. 1941ರಲ್ಲಿ ಮಹಾರ್ ರೆಜಿಮೆಂಟಿನ ಮೊದಲ ಪಟಾಲಂ ಕಟ್ಟಿದ್ದು ಎಲ್ಲಿ ಗೊತ್ತೆ? ನಮ್ಮ ಬೆಳಗಾವಿಯಲ್ಲಿ.

ಊರ ಒಳಗೂ ನಮಗೆ ಸರ್ಕಾರಿ ಚಾಕರಿ ಇತ್ತಲ್ಲ ಅಂತೀರಿ. ಇತ್ತು. ತೋಟಿ, ತಳವಾರ, ನೀರಗಂಟಿ. ಸಂಬಳ ಎಲ್ಲಿತ್ತು? ಒಂದು ತುಂಡು ಇನಾಮು ಭೂಮಿ, ಸುಗ್ಗಿಯಲ್ಲಿ ಕಣಕ್ಕೆ ಹೋಗಿ ಕೈಯೊಡ್ಡಿದರೆ ಒಂದಷ್ಟು ಆಯ. ಅಂಬೇಡ್ಕರರು 1928ರಲ್ಲಿ ಮುಂಬಯಿ ಶಾಸನಸಭೆಯಲ್ಲಿ ವತನದ ಮಸೂದೆ ತಂದದ್ದು ಇದಕ್ಕೇ. ಸರ್ಕಾರದ ಕೆಲಸ ಮಾಡಿದವನಿಗೆ ಸರ್ಕಾರವೇ ದುಡ್ಡು ಕೊಡಲಿ, ಊರವರ ಮುಂದೆ ನಿಲ್ಲಿಸಬೇಡಿ ಅಂತ. ನಮ್ಮಲ್ಲಿ 1961ರ ಕಾಯಿದೆ ಬಂದು ಈ ಹಳ್ಳಿ ಹುದ್ದೆಗಳು ರದ್ದಾದವು. ಆಯ ಹೋಯಿತು. ತೋಟಿಗೆ ಪಿಂಚಣಿ ಅನ್ನೋದು ಇರಲೇ ಇಲ್ಲ, ಕೈಲಾಗದ ದಿನ ಕೋಲು ಮಗನ ಕೈಗೆ ಹೋಗುತ್ತಿತ್ತು ಅಷ್ಟೆ.

ಅದಕ್ಕೇ ನಮ್ಮ ಕೇರಿಗಳಲ್ಲಿ ಪಿಂಚಣಿದಾರ ಅಂದರೆ ಬೇರೆ ತೂಕ. ನಮ್ಮ ಕೇರಿಯಲ್ಲಿ ಒಬ್ಬರೇ ಇದ್ದರು, ಮಿಲ್ಟ್ರಿ ದೊಡ್ಡಪ್ಪ. ಹದಿನೇಳು ವರ್ಷ ಸಿಪಾಯಿಯಾಗಿದ್ದು ವಾಪಸು ಬಂದಾಗ ಇನ್ನೂ ನಲವತ್ತು ತುಂಬಿರಲಿಲ್ಲ. ಸೈನ್ಯದಲ್ಲಿ ಸಿಪಾಯಿಗೆ ಹದಿನೈದು ವರ್ಷ ಸೇವೆಯಾದರೆ ಪಿಂಚಣಿ. ಆ ದುಡ್ಡು ದೊಡ್ಡದೇನಲ್ಲ. ಆದರೆ ಮಳೆ ಬಂದರೂ ಬರುತ್ತಿತ್ತು, ಬರದಿದ್ದರೂ ಬರುತ್ತಿತ್ತು. ನನ್ನ ಪಿ.ಯು.ಸಿ. ಪರೀಕ್ಷೆ ಫೀಸು ಆ ದುಡ್ಡು. ಇನ್ನೂ ನಾಲ್ಕು ಹುಡುಗರದ್ದೂ ಅದೇ. ಊರ ಹಬ್ಬದಲ್ಲಿ ಕೇರಿಯವರು ತಮಟೆ ಬಾರಿಸೋಲ್ಲ ಅಂತ ಕೂತ ವರ್ಷ ಊರವರು ಕೂಲಿಗೆ ಕರೆಯೋದು ನಿಲ್ಲಿಸಿದರು. ಒಂದೂವರೆ ತಿಂಗಳು. ಆಗ ಕೇರಿಯಲ್ಲಿ ಒಲೆ ಉರಿದದ್ದಕ್ಕೆ ಆ ಪಿಂಚಣಿಯೂ ಒಂದು ಕಾರಣ. ದೊಡ್ಡಪ್ಪ ಅಕ್ಕಿ ಮೂಟೆ ತಂದು ಜಗುಲಿ ಮೇಲೆ ಇಟ್ಟು, "ಬೇಕಾದೋರು ಅಳಕೊಳ್ಳಿ, ಲೆಕ್ಕ ಆಮೇಲೆ" ಅಂದರು. ಆ ಲೆಕ್ಕವನ್ನು ಅವರು ಯಾವತ್ತೂ ಕೇಳಲಿಲ್ಲ.

ಇಲ್ಲಿ ಒಂದು ಕಾಯಿದೆ ಮಾತು. 1871ರ ಪಿಂಚಣಿ ಕಾಯಿದೆ ಅಂತ ಇದೆ, ಬ್ರಿಟಿಷರದ್ದು. ಸಾಲ ಕೊಟ್ಟವನು ಕೋರ್ಟಿಗೆ ಹೋದರೂ ಸರ್ಕಾರಿ ಪಿಂಚಣಿಯನ್ನು ಜಪ್ತಿ ಮಾಡಿಸುವಂತಿಲ್ಲ ಅಂತ ಅದರಲ್ಲಿದೆ. ಎಮ್ಮೆ ಹಿಡಕೊಂಡು ಹೋಗಬಹುದು, ಹೊಲ ಬರೆಸಿಕೊಳ್ಳಬಹುದು, ಪಿಂಚಣಿ ಮುಟ್ಟುವಂತಿಲ್ಲ. ಸಾಹುಕಾರನ ಕೈಗೆಟುಕದ ಆಸ್ತಿ ನಮ್ಮವರಿಗೆ ಬೇರೆ ಯಾವುದಿತ್ತು ಹೇಳಿ. ಪ್ರತಿ ನವೆಂಬರಿನಲ್ಲಿ ದೊಡ್ಡಪ್ಪ ಬದುಕಿದ್ದೇನೆ ಅಂತ ಸರ್ಟಿಫಿಕೇಟು ಕೊಟ್ಟು ಬರುತ್ತಿದ್ದರು. ನಮ್ಮವನೊಬ್ಬ ಬದುಕಿದ್ದಾನೋ ಇಲ್ಲವೋ ಅಂತ ವರ್ಷಕ್ಕೊಂದು ಸಲ ಸರ್ಕಾರ ಕೇಳುವ ಕಾಗದ ನಾನು ಕಂಡದ್ದು ಅದೊಂದೇ.

ಪಿಂಚಣಿ ಅಂದರೆ ದೊರೆ ಕೊಟ್ಟ ಭಕ್ಷೀಸು ಅಂತ ಇನ್ನೂ ತಿಳಿದಿರೋರಿದ್ದಾರೆ. ಅಲ್ಲ ಅಂತ ಸುಪ್ರೀಂ ಕೋರ್ಟು 1971ರಲ್ಲೇ ಬಿಹಾರದ ದೇವಕಿನಂದನ್ ಪ್ರಸಾದ್ ಪ್ರಕರಣದಲ್ಲಿ ಹೇಳಿತು. 1982ರ ಡಿಸೆಂಬರ್ 17ರಂದು ನಕಾರಾ ಪ್ರಕರಣದಲ್ಲಿ ಐದು ನ್ಯಾಯಾಧೀಶರ ಸಂವಿಧಾನ ಪೀಠ ಇನ್ನೂ ಬಿಡಿಸಿ ಹೇಳಿತು. 1979ರಲ್ಲಿ ಕೇಂದ್ರ ಸರ್ಕಾರ ಪಿಂಚಣಿ ಲೆಕ್ಕವನ್ನು ಉತ್ತಮಪಡಿಸಿ, ಇಂಥ ದಿನಾಂಕದ ನಂತರ ನಿವೃತ್ತಿಯಾದವರಿಗೆ ಮಾತ್ರ ಅಂದಿತ್ತು. ಒಂದು ದಿನ ಮೊದಲು ನಿವೃತ್ತನಾದವನು ಮಾಡಿದ ಪಾಪ ಏನು? ದಿನಾಂಕದ ಗೆರೆ ಎಳೆದು ಒಂದೇ ಥರದ ಜನರನ್ನು ಎರಡು ಮಾಡಿದರೆ ಅದು ಸಮಾನತೆಗೆ ವಿರುದ್ಧ ಅಂತ ಆ ಗೆರೆಯನ್ನು ಅಳಿಸಿದರು. ಸೈನಿಕರ ಪಿಂಚಣಿಗೂ ಆ ತೀರ್ಪು ಸೇರಿತ್ತು.

ಅಳಿಸಿದ ಗೆರೆ ಮತ್ತೆ ಬಂತು. ಈ ಸಲ ನಿವೃತ್ತಿಯ ದಿನಾಂಕದಲ್ಲಿ ಅಲ್ಲ, ಸೇರುವ ದಿನಾಂಕದಲ್ಲಿ. ಕೇಂದ್ರದಲ್ಲಿ 1-1-2004. ಕರ್ನಾಟಕದಲ್ಲಿ 1-4-2006. ಅದರ ಹಿಂದಿನವನಿಗೆ ಕೊನೆಯ ಸಂಬಳದ ಅರ್ಧದ ಲೆಕ್ಕದಲ್ಲಿ ಪಿಂಚಣಿ, ಮೇಲೆ ಕಾಲಕಾಲಕ್ಕೆ ಏರುವ ತುಟ್ಟಿಭತ್ಯೆ, ಸತ್ತ ಮೇಲೆ ಹೆಂಡತಿಗೆ ಕುಟುಂಬ ಪಿಂಚಣಿ. ಅವನ ಸಂಬಳದಿಂದ ಇದಕ್ಕೆ ಅಂತ ಒಂದು ಪೈಸೆ ಹಿಡಿಯುತ್ತಿರಲಿಲ್ಲ. ಅದರ ಈಚಿನವನಿಗೆ ಎನ್‌ಪಿಎಸ್. ಸಂಬಳದಲ್ಲಿ ಶೇಕಡಾ 10 ಹಿಡೀತಾರೆ, ಸರ್ಕಾರವೂ ಅಷ್ಟು ಹಾಕುತ್ತಿತ್ತು. ಕೇಂದ್ರ 2019ರಿಂದ ತನ್ನ ಪಾಲನ್ನು 14 ಮಾಡಿತು. ಆ ದುಡ್ಡು ಷೇರುಪೇಟೆಗೂ ಸಾಲಪತ್ರಕ್ಕೂ ಹೋಗುತ್ತೆ. ನಿವೃತ್ತಿಯ ದಿನ ಗಂಟಿನಲ್ಲಿ ಹೆಚ್ಚೆಂದರೆ 60 ಪಾಲು ಕೈಗೆ ಸಿಗುತ್ತೆ, ಕಡಿಮೆ ಅಂದರೂ 40 ಪಾಲನ್ನು ವಿಮಾ ಕಂಪನಿಗೆ ಕಟ್ಟಿ ತಿಂಗಳ ವರ್ಷಾಶನ ಕೊಳ್ಳಬೇಕು. ಎಷ್ಟು ಬರುತ್ತೆ ಅಂತ ಮೊದಲೇ ಯಾರೂ ಹೇಳುವಂತಿಲ್ಲ. ತುಟ್ಟಿಭತ್ಯೆ ಇಲ್ಲ.

ಈಗ ನಮ್ಮ ವಿಷಯಕ್ಕೆ ಬನ್ನಿ. ಈ ಗೆರೆ ಎಲ್ಲರಿಗೂ ಒಂದೇ ಅಂತಾರೆ. ಒಂದೇ ಅಲ್ಲ.

ಬ್ಯಾಕ್‌ಲಾಗ್ ಅನ್ನೋ ಮಾತು ಈ ಸಭೆಯಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ನಮ್ಮ ಪಾಲಿನ ಹುದ್ದೆಗಳನ್ನು "ಅರ್ಹರು ಸಿಗಲಿಲ್ಲ" ಅಂತ ವರ್ಷಗಟ್ಟಲೆ ಖಾಲಿ ಬಿಟ್ಟರು. ಕೂಗಿ ಕೂಗಿ ಕೊನೆಗೆ 2001ರಲ್ಲಿ ಪರಿಶಿಷ್ಟರ ಭರ್ತಿಯಾಗದ ಹುದ್ದೆಗಳಿಗೆ ವಿಶೇಷ ನೇಮಕಾತಿ ನಿಯಮ ಬಂತು. ಆಮೇಲೂ ಇಲಾಖೆಗಳು ಮಾಡಿದ್ದು ನಿಧಾನವೇ. ಒಂದು ಹುದ್ದೆ ಅಂತಿಟ್ಟುಕೊಳ್ಳಿ. 1994ರಲ್ಲಿ ಖಾಲಿಯಾಯಿತು. ಪಕ್ಕದ ಸಾಮಾನ್ಯ ಹುದ್ದೆಯನ್ನು ಅದೇ ವರ್ಷ ತುಂಬಿದರು. ನಮ್ಮದನ್ನು ತುಂಬಿದ್ದು 2008ರಲ್ಲಿ. ಪಕ್ಕದವನಿಗೆ ಹಳೆಯ ಪಿಂಚಣಿ, ನಮ್ಮವನಿಗೆ ಎನ್‌ಪಿಎಸ್. ಹದಿನಾಲ್ಕು ವರ್ಷದ ಸಂಬಳ ಹೋಯಿತು, ಬಡ್ತಿ ಹೋಯಿತು, ಅದೆಲ್ಲ ನಮಗೆ ಗೊತ್ತಿದ್ದದ್ದೇ. ಪಿಂಚಣಿಯೂ ಹೋಯಿತು ಅನ್ನೋದನ್ನು ನಾವು ಲೆಕ್ಕಕ್ಕೇ ತಗೊಂಡಿಲ್ಲ. ತಡ ಮಾಡಿದವನಿಗೆ ಶಿಕ್ಷೆ ಇಲ್ಲ, ತಡವಾದವನಿಗೆ ಶಿಕ್ಷೆ.

2024ರ ಜನವರಿಯಲ್ಲಿ ಸರ್ಕಾರ ಒಂದು ಆದೇಶ ಮಾಡಿತು. 1-4-2006ಕ್ಕೆ ಮೊದಲೇ ನೇಮಕಾತಿ ಅಧಿಸೂಚನೆ ಹೊರಟು, ಆಮೇಲೆ ಕೆಲಸಕ್ಕೆ ಸೇರಿದ ಸುಮಾರು 13 ಸಾವಿರ ನೌಕರರಿಗೆ ಹಳೆಯ ಪಿಂಚಣಿ. ಒಳ್ಳೆಯದೇ. ತಡ ನೌಕರನದ್ದಲ್ಲ ಅಂತ ಸರ್ಕಾರವೇ ಒಪ್ಪಿದ ಹಾಗಾಯಿತು. ಹಾಗಾದರೆ ಅಧಿಸೂಚನೆಯನ್ನೇ ಹೊರಡಿಸದೆ ಕಪಾಟಿನಲ್ಲಿ ಇಟ್ಟುಕೊಂಡಿದ್ದ ಹುದ್ದೆಗೆ ಏನು ಹೇಳ್ತೀರಿ? ಅಲ್ಲೂ ತಡ ಇಲಾಖೆಯದ್ದೇ ಅಲ್ಲವೆ? ಈ ಬೇಡಿಕೆಯನ್ನು ದೊಡ್ಡ ನೌಕರ ಸಂಘಗಳ ಪಟ್ಟಿಯಲ್ಲಿ ನಾನು ಕಂಡಿಲ್ಲ. ನಾವೇ ಬರೆಯಬೇಕು.

ಕೇಂದ್ರದ ಪಡೆಗಳ ಕತೆ ಇನ್ನೂ ವಿಚಿತ್ರ. 2004ರಲ್ಲಿ ಸೈನ್ಯ, ನೌಕಾಪಡೆ, ವಾಯುಪಡೆಯನ್ನು ಎನ್‌ಪಿಎಸ್ ಹೊರಗಿಟ್ಟರು. ಸಿ.ಆರ್.ಪಿ.ಎಫ್., ಬಿ.ಎಸ್.ಎಫ್. ಮೊದಲಾದವನ್ನು ಒಳಗೆ ಹಾಕಿದರು. ಗಡಿಯಲ್ಲಿ ಬಿ.ಎಸ್.ಎಫ್. ಜವಾನ ಮುಂದೆ ನಿಂತಿದ್ದರೂ ಅವನು ಗೃಹ ಇಲಾಖೆ, ಆದ್ದರಿಂದ ಎನ್‌ಪಿಎಸ್. 2019ರ ಫೆಬ್ರವರಿ 14ರಂದು ಪುಲ್ವಾಮಾದಲ್ಲಿ ಸಿ.ಆರ್.ಪಿ.ಎಫ್.ನ 40 ಮಂದಿ ಸತ್ತರು. ನಮ್ಮ ಮಂಡ್ಯ ಜಿಲ್ಲೆ ಗುಡಿಗೆರೆಯ ಹುಡುಗನೂ ಅವರಲ್ಲೊಬ್ಬ. ಊರೂರಲ್ಲಿ ಬ್ಯಾನರು ಕಟ್ಟಿದರು. ಬ್ಯಾನರಿನಲ್ಲಿ ಇಲ್ಲದ ನಿಯಮ ಹೇಳ್ತೀನಿ ಕೇಳಿ. ಕೇಂದ್ರದ ಎನ್‌ಪಿಎಸ್ ನೌಕರ ಸೇವೆಯಲ್ಲಿದ್ದಾಗ ಸತ್ತರೆ ಅವನ ಕುಟುಂಬಕ್ಕೆ ಹಳೆಯ ನಿಯಮದ ಪಿಂಚಣಿ ಪಡೆಯಲು ಅವಕಾಶ ಇದೆ. ಬದುಕಿ, ಪೂರ್ತಿ ಸೇವೆ ಮುಗಿಸಿ, ಮಂಡಿ ಸವೆದು ಮನೆಗೆ ಬಂದರೆ ಇಲ್ಲ. ಸತ್ತವನಿಗೆ ಕೊಡಲು ಖಜಾನೆಯಲ್ಲಿ ದುಡ್ಡಿದೆ ಅಂದಮೇಲೆ ಬದುಕಿದವನ ಹತ್ತಿರ ದುಡ್ಡಿಲ್ಲ ಅನ್ನೋದು ಹೇಗೆ? 2023ರ ಜನವರಿಯಲ್ಲಿ ದೆಹಲಿ ಹೈಕೋರ್ಟು ಇವರೂ ಒಕ್ಕೂಟದ ಸಶಸ್ತ್ರ ಪಡೆಗಳೇ, ಹಳೆಯ ಪಿಂಚಣಿ ಕೊಡಿ ಅಂದಿತು. ಅದೇ ವರ್ಷ ಸುಪ್ರೀಂ ಕೋರ್ಟು ಅದಕ್ಕೆ ತಡೆ ಕೊಟ್ಟಿತು.

ಸೈನ್ಯವಾದರೂ ಉಳಿಯಿತಲ್ಲ ಅಂದುಕೊಂಡಿದ್ದೆವು. 2022ರ ಜೂನಿನಲ್ಲಿ ಅಗ್ನಿಪಥ ಬಂತು. ನಾಲ್ಕು ವರ್ಷ. ನೂರಕ್ಕೆ ಇಪ್ಪತ್ತೈದು ಜನರನ್ನು ಉಳಿಸಿಕೊಳ್ಳೋದು, ಮಿಕ್ಕವರನ್ನು ಕಳಿಸೋದು. ಮೊದಲ ವರ್ಷ ತಿಂಗಳಿಗೆ 30 ಸಾವಿರ, ಅದರಲ್ಲಿ 9 ಸಾವಿರ ನಿಧಿಗೆ ಹಿಡಿದು ಕೈಗೆ 21 ಸಾವಿರ. ಹೊರಗೆ ಬರುವಾಗ ಬಡ್ಡಿ ಸೇರಿ ಸುಮಾರು 11 ಲಕ್ಷ 71 ಸಾವಿರ ಕೊಡ್ತಾರೆ, ಅದರ ಅಸಲಿನಲ್ಲಿ ಅರ್ಧ ಹುಡುಗನ ಸಂಬಳದಿಂದ ಹಿಡಿದದ್ದೇ. ಪಿಂಚಣಿ ಇಲ್ಲ, ಗ್ರಾಚ್ಯುಟಿ ಇಲ್ಲ. ಇಪ್ಪತ್ತೈದು ವರ್ಷದ ಹುಡುಗನ ಕೈಗೆ ಒಂದೇ ಸಲ ಅಷ್ಟು ದುಡ್ಡು ಬಂದರೆ ಕೇರಿಯಲ್ಲಿ ಏನಾಗುತ್ತೆ ಅಂತ ಊಹಿಸಿ. ಅಕ್ಕನ ಮದುವೆ, ಅಪ್ಪನ ಸಾಲ, ಅರ್ಧ ಕಟ್ಟಿದ ಮನೆ. ಆಮೇಲೆ ಎ.ಟಿ.ಎಂ. ಬಾಗಿಲಲ್ಲಿ ಸೆಕ್ಯೂರಿಟಿ. ಮಿಲ್ಟ್ರಿ ದೊಡ್ಡಪ್ಪ ಈ ಲೆಕ್ಕದಲ್ಲಿ ಸೈನ್ಯಕ್ಕೆ ಹೋಗಿದ್ದರೆ ಆ ಅಕ್ಕಿ ಮೂಟೆ ಬರುತ್ತಿರಲಿಲ್ಲ.

ಇಷ್ಟು ಹೊತ್ತು ಮಾತಾಡಿದ್ದು ಪಿಂಚಣಿ ಇದ್ದವರ, ಕಳಕೊಂಡವರ ವಿಷಯ. ಯೂನಿಫಾರಂ ಇದ್ದೂ ಗೆರೆಯ ಯಾವ ಕಡೆಗೂ ಸೇರದವರಿದ್ದಾರೆ.

ನನ್ನ ಜೊತೆ ಹೈಸ್ಕೂಲಿಗೆ ಬಂದವನೊಬ್ಬ ಹೋಮ್‌ಗಾರ್ಡು. ಸರ್ಕಲ್ಲಿನಲ್ಲಿ ಪೋಲೀಸಪ್ಪನ ಪಕ್ಕ ನಿಂತಿರುತ್ತಾನೆ. ಖಾಕಿ ಒಂದೇ, ಬಿಸಿಲು ಒಂದೇ, ಹೊಗೆ ಒಂದೇ. ದೂರದಿಂದ ನೋಡಿದವರಿಗೆ ಇಬ್ಬರೂ ಸಾರ್. ಆದರೆ 1962ರ ಕಾಯಿದೆ ಪ್ರಕಾರ ಇವನು ಸ್ವಯಂಸೇವಕ. ದುಡಿದ ದಿನಕ್ಕೆ ಭತ್ಯೆ, ಕರೆಯದ ದಿನ ಏನೂ ಇಲ್ಲ. 2015ರಲ್ಲಿ ಹಿಮಾಚಲದ ಗೃಹರಕ್ಷಕರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಕಾಯಂ ಮಾಡಲಾಗದು, ಆದರೆ ದಿನದ ಭತ್ಯೆ ಪೋಲೀಸರ ಕನಿಷ್ಠ ಸಂಬಳಕ್ಕೆ ಕಡಿಮೆ ಇರಬಾರದು ಅಂದಿತು. ಪಿಂಚಣಿ ಮಾತು ಬರಲೇ ಇಲ್ಲ. ಸ್ವಯಂಸೇವೆಗೆ ನಿವೃತ್ತಿ ಎಲ್ಲಿಂದ ಬರಬೇಕು? ಹೊಟ್ಟೆಪಾಡಿಗೆ ನಿಂತವನನ್ನು ಸ್ವಯಂಸೇವಕ ಅಂತ ಕರೆಯೋದು ಎಂಥ ಭಾಷೆಯೋ ಕನ್ನಡ ಓದಿದ ನನಗೆ ತಿಳಿಯದು.

ಇನ್ನು ಪೌರಕಾರ್ಮಿಕರು. ಅವರ ಹಸಿರು ಕೋಟು ಯೂನಿಫಾರಂ ಅಲ್ಲವೆ? ಅವರಲ್ಲಿ ಹೆಚ್ಚಿನವರು ಯಾವ ಜಾತಿ ಅಂತ ಹೇಳಬೇಕಿಲ್ಲ. ಸಾಲಪ್ಪನವರ ಸಮಿತಿ ಇವರ ಬದುಕಿನ ಬಗ್ಗೆ ವರದಿ ಕೊಟ್ಟದ್ದು 1976ರಲ್ಲಿ. ಅದಾದ ಮೇಲೆ ಗುತ್ತಿಗೆ ಬಂತು, ಗುತ್ತಿಗೆದಾರರು ಬಂದರು. 2022ರ ಜುಲೈನಲ್ಲಿ ಪೊರಕೆ ಕೆಳಗಿಟ್ಟು ಬೀದಿಯಲ್ಲಿ ಕೂತ ಮೇಲೆ ಕಾಯಂ ಮಾತು ಮುಂದೆ ಸರಿಯಿತು. 2025ರ ಮೇ ದಿನ ಬೆಂಗಳೂರಲ್ಲಿ 12 ಸಾವಿರಕ್ಕೂ ಹೆಚ್ಚು ಜನಕ್ಕೆ ನೇಮಕಾತಿ ಪತ್ರ ಕೊಟ್ಟರು. ಗೆದ್ದದ್ದು ಹೌದು. ಈಗ ಲೆಕ್ಕ ಹಾಕೋಣ.

ಒಬ್ಬಾಕೆ ಇಪ್ಪತ್ತೈದು ವರ್ಷ ಗುತ್ತಿಗೆಯಲ್ಲಿ ಗುಡಿಸಿ, ಐವತ್ತಕ್ಕೆ ಕಾಯಂ ಆಗಿ ಎನ್‌ಪಿಎಸ್ ಕೆಳಗೆ ಬಂದಳು ಅಂತಿಟ್ಟುಕೊಳ್ಳಿ. ಸಂಬಳ, ತುಟ್ಟಿಭತ್ಯೆ ಸೇರಿ 20 ಸಾವಿರ ಅನ್ನಿ. ಅವಳ ಪಾಲು 2,000. ಸರ್ಕಾರದ್ದು 14ರ ಲೆಕ್ಕದಲ್ಲಿ 2,800. ತಿಂಗಳಿಗೆ 4,800. ಹತ್ತು ವರ್ಷ, 120 ತಿಂಗಳು. 5 ಲಕ್ಷ 76 ಸಾವಿರ. ಅದರಲ್ಲಿ 40 ಪಾಲು 2 ಲಕ್ಷ 30 ಸಾವಿರದ 400. ವಿಮಾ ಕಂಪನಿ ವರ್ಷಕ್ಕೆ ನೂರಕ್ಕೆ ಆರು ಕೊಟ್ಟರೆ 13,824. ತಿಂಗಳಿಗೆ 1,152 ರೂಪಾಯಿ. ನಡುವಿನ ಬಡ್ಡಿ, ಸಂಬಳದ ಏರಿಕೆ ಸೇರಿಸಿ ಗಂಟು ಇಮ್ಮಡಿಯಾಯಿತು ಅನ್ನಿ, 2,304. ಅದು ಸತ್ತ ಹಸುವಿನ ಹಾಲು. ಇಪ್ಪತ್ತೈದು ವರ್ಷದ ಗುತ್ತಿಗೆ ಸೇವೆಗೆ ಆ ಲೆಕ್ಕದಲ್ಲಿ ಸೊನ್ನೆ. ಕೇಂದ್ರ ಸರ್ಕಾರ ತನ್ನ ನೌಕರರಿಗೆ ಏಕೀಕೃತ ಪಿಂಚಣಿ ಅಂತ 2025ರ ಏಪ್ರಿಲಿನಿಂದ ತಂದಿತಲ್ಲ, ಅದರಲ್ಲಿ 25 ವರ್ಷಕ್ಕೆ ಕೊನೆಯ ಹನ್ನೆರಡು ತಿಂಗಳ ಸರಾಸರಿ ಮೂಲವೇತನದ ಅರ್ಧ, ಹತ್ತು ವರ್ಷದ ಸೇವೆಗೂ ಕನಿಷ್ಠ 10 ಸಾವಿರ. ನಾನು ಆ ಯೋಜನೆಯನ್ನು ಹೊಗಳುತ್ತಿಲ್ಲ, ಅದರಲ್ಲೂ ನೌಕರನ ಸಂಬಳದಿಂದ 10 ಹಿಡೀತಾರೆ. ಆದರೆ ಹತ್ತು ವರ್ಷಕ್ಕೆ 10 ಸಾವಿರ ಅನ್ನೋ ಒಂದು ನೆಲ ಅಲ್ಲಿದೆ. ನಮ್ಮ ಈ ಅಕ್ಕನ ಕಾಲ ಕೆಳಗೆ ಆ ನೆಲವೂ ಇಲ್ಲ.

ಈಗ ಆ ಹಿರಿಯರ ಪ್ರಶ್ನೆ. ಕೂಲಿಯವನಿಗೆ ಏನು? ಬಡ ಮುದುಕರ ಪಿಂಚಣಿಯಲ್ಲಿ ಕೇಂದ್ರದ ಪಾಲು ಎಂಬತ್ತು ತುಂಬುವವರೆಗೆ ತಿಂಗಳಿಗೆ 200 ರೂಪಾಯಿ ಅಂತ ನಿಂತು ಹೋಗಿ ವರ್ಷಗಳಾದವು. ಹಳೆಯ ಪಿಂಚಣಿ ವಾಪಸು ಕೊಟ್ಟರೆ ಖಜಾನೆ ಬರಿದಾಗುತ್ತೆ, ಬಡವರಿಗೆ ಉಳಿಯೋದಿಲ್ಲ ಅಂತ ಅರ್ಥಶಾಸ್ತ್ರಜ್ಞರು ಹೇಳ್ತಾರೆ. ಖರ್ಚು ಏರುತ್ತೆ ಅನ್ನೋದು ಸುಳ್ಳಲ್ಲ. ನಾನು ಕೇಳೋದು ಇಷ್ಟೆ. 2004ರಿಂದ, 2006ರಿಂದ ಉಳಿಸಿದ ದುಡ್ಡು ಕೂಲಿಯವನ ಪಿಂಚಣಿಗೆ ಬಂತೆ? ಆ 200 ಇನ್ನೂರಾಗೇ ಇದೆಯಲ್ಲ. ಒಬ್ಬನ ತಟ್ಟೆಯಿಂದ ತೆಗೆದದ್ದು ಇನ್ನೊಬ್ಬನ ತಟ್ಟೆಗೆ ಬೀಳಲಿಲ್ಲ. ಆದರೂ ಹಿರಿಯರು ಹೇಳಿದ್ದರಲ್ಲಿ ಅರ್ಧ ನಿಜ. ದೊಡ್ಡ ಸಂಬಳದವರ ಹಿಂದೆ ಬಾವುಟ ಹಿಡಿದು ನಡೆಯೋದಕ್ಕೆ ನಾವು ಹೋಗಬಾರದು. ಗೃಹರಕ್ಷಕ, ಪೌರಕಾರ್ಮಿಕ, ಬ್ಯಾಕ್‌ಲಾಗ್ ನೌಕರ, ಇವರ ಹೆಸರು ಬೇಡಿಕೆಯ ಪಟ್ಟಿಯಲ್ಲಿ ಮೊದಲು ಇದ್ದರೆ ಹೋಗೋಣ, ಜೊತೆಗೆ ಮುದುಕರ ಪಿಂಚಣಿ ಏರಿಸಿ ಅನ್ನೋದೂ ಅದೇ ಹಾಳೆಯಲ್ಲಿರಲಿ. ಪಟ್ಟಿಯ ಕೊನೆಯಲ್ಲಿ "ಇತರೆ" ಅಂತ ಹಾಕ್ತೀವಿ ಅಂದರೆ ಬೇಡ.

ಅದಕ್ಕೆ ಮೊದಲು ಕೈಯಲ್ಲಿ ಕಾಗದ ಇರಬೇಕು. ನಿಮ್ಮ ನಿಮ್ಮ ಊರಿನಲ್ಲಿ 2006ರ ಏಪ್ರಿಲಿನ ಈಚೆ ಬ್ಯಾಕ್‌ಲಾಗಿನಲ್ಲಿ ಕೆಲಸಕ್ಕೆ ಸೇರಿದ ನಮ್ಮವರು ಯಾರಿದ್ದಾರೆ ನೋಡಿ. ಪೋಲೀಸರಾದರೆ ಅವರ ಹೆಸರಲ್ಲಿ ಕೇಳಬೇಡಿ, ಅವರಿಗೆ ತೊಂದರೆ. ನೀವೇ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಹತ್ತು ರೂಪಾಯಿ. ಎರಡೇ ಪ್ರಶ್ನೆ ಸಾಕು: ಈ ಹುದ್ದೆ ರೋಸ್ಟರಿನಲ್ಲಿ ಪರಿಶಿಷ್ಟರಿಗೆ ಅಂತ ಗುರುತಾಗಿ ಖಾಲಿಯಾದದ್ದು ಯಾವ ತಾರೀಖು, ತುಂಬಲು ಅಧಿಸೂಚನೆ ಹೊರಟದ್ದು ಯಾವ ತಾರೀಖು. ಅರ್ಜಿಯ ನಮೂನೆ ಬರೆದು ತಂದಿದ್ದೇನೆ, ಮೇಜಿನ ಮೇಲಿದೆ, ಹೋಗುವಾಗ ಒಂದೊಂದು ತಗೊಳ್ಳಿ. ಉತ್ತರ ಬಂದವರು ಮುಂದಿನ ಸಭೆಗೆ ಅದರ ಜೆರಾಕ್ಸು ತನ್ನಿ.